ನಿಮಗಿದು ಗೊತ್ತೇ? ಏಳೆಣಿಕೆಯ ಹಾಡು, ನಲವತ್ತು ಅಡಿಯ ಗೋಡೆ

ರಾಕ್ ಹಾಡೆಂದರೆ ಮೂರು ನಿಮಿಷ, ನಾಲ್ಕೆಣಿಕೆಯ ತಾಳ, ಬಾಯಿಗೆ ಹತ್ತುವ ಒಂದು ಪಲ್ಲವಿ. ಅಷ್ಟೇ ಎಂದುಕೊಂಡಿದ್ದ ಕಾಲದಲ್ಲಿ, 1960ರ ದಶಕದ ಕೊನೆಗೆ, ಇಂಗ್ಲೆಂಡಿನ ಕೆಲವು ಹುಡುಗರು ಆ ಚೌಕಟ್ಟು ಒಡೆದರು. ಜಾಜ್, ಜನಪದ, ಪಾಶ್ಚಾತ್ಯ ಶಾಸ್ತ್ರೀಯ ಎಲ್ಲವನ್ನೂ ಗಿಟಾರಿನ ಜತೆ ಬೆರೆಸಿ, ಎಲ್‌ಪಿ ತಟ್ಟೆಯ ಒಂದಿಡೀ ಮುಖ ತುಂಬುವಷ್ಟು ಉದ್ದದ ಹಾಡು ಕಟ್ಟಿದರು. ಅದೇ ಪ್ರೊಗ್ರೆಸಿವ್ ರಾಕ್. ಅಭಿಮಾನಿಗಳ ಬಾಯಲ್ಲಿ ಬರೀ ‘ಪ್ರಾಗ್’. ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕೂತು ಹೆಣೆದದ್ದನ್ನು ಜನರ ಕಣ್ಣೆದುರು ನುಡಿಸಿ ತೋರಿಸಲೇಬೇಕೆಂಬ ಹಟ ಇವರದು. ಐವತ್ತು ವರ್ಷ ಕಳೆದರೂ ಜನ ಟಿಕೆಟ್ಟಿಗೆ ಮುಗಿಬೀಳುವುದು ಆ ಹಟವನ್ನು ನೋಡಲಿಕ್ಕೇ ಎಂದು ನಾನು ನಂಬಿದ್ದೇನೆ. ಆ ವೇದಿಕೆಗಳಿಂದ ಹೆಕ್ಕಿದ ಒಂದಿಷ್ಟು ಸಂಗತಿಗಳು ಇಲ್ಲಿವೆ.

■ 1969ರ ಜುಲೈ 5. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಾರ್ಯಕ್ರಮ. ಲಕ್ಷಗಟ್ಟಲೆ ಜನ. ಅವರಿಗಿಂತ ಮುಂಚೆ ವೇದಿಕೆ ಏರಿದವರಲ್ಲಿ ಒಂದು ತಂಡ ಹುಟ್ಟಿ ವರ್ಷವೂ ಆಗಿರಲಿಲ್ಲ, ಅದರ ಒಂದು ತಟ್ಟೆಯೂ ಅಂಗಡಿಗೆ ಬಂದಿರಲಿಲ್ಲ. ಹೆಸರು ಕಿಂಗ್ ಕ್ರಿಮ್ಸನ್. ಅವರ ಮೊದಲ ಆಲ್ಬಂ ಬಂದದ್ದು ಅಕ್ಟೋಬರಿನಲ್ಲಿ. ಹಾಡು ಕೇಳಿ ಕಛೇರಿಗೆ ಹೋಗುವುದು ವಾಡಿಕೆ. ಇವರ ವಿಷಯದಲ್ಲಿ ಕಛೇರಿ ಕೇಳಿದ ಮೇಲೆ ಜನ ಹಾಡಿಗಾಗಿ ಕಾದರು.

■ ಆ ತಂಡದ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಸ್ಟೂಲಿನ ಮೇಲೆ ಕೂತೇ ನುಡಿಸುತ್ತಾರೆ. ರಾಕ್ ಲೋಕದಲ್ಲಿ ಗಿಟಾರ್ ಹಿಡಿದವರು ಕುಣಿಯಬೇಕು, ಜಿಗಿಯಬೇಕು ಎಂಬ ನಿರೀಕ್ಷೆಯಿದ್ದಾಗಲೂ ಅವರು ಕದಲಲಿಲ್ಲ. ನಮ್ಮ ಶಾಸ್ತ್ರೀಯ ಕಛೇರಿ ಕೇಳಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

■ ಮೆಲೊಟ್ರಾನ್ ಎಂಬ ವಾದ್ಯದ ಹೆಸರು ಕೇಳಿದ್ದೀರಾ? ಕಂಪ್ಯೂಟರು ಪಿಟೀಲಿನ ನಾದ ಹೊರಡಿಸಲು ಕಲಿಯುವುದಕ್ಕೆ ಮುಂಚೆ, ಇಡೀ ವಾದ್ಯವೃಂದವನ್ನು ವೇದಿಕೆಗೆ ಹೊತ್ತು ತರುತ್ತಿದ್ದದ್ದು ಇದೇ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಸಾಧಾರಣ ಕೀಬೋರ್ಡು. ಒಳಗೆ ಮೂವತ್ತೈದು ಮನೆಗಳಿಗೆ ಮೂವತ್ತೈದು ಟೇಪಿನ ತುಂಡುಗಳು. ಒಂದೊಂದರ ಮೇಲೂ ನಿಜವಾದ ಪಿಟೀಲು, ಕೊಳಲು ಅಥವಾ ಗಾಯಕವೃಂದ ಹಿಡಿದ ಒಂದು ಸ್ವರ ಮುದ್ರಣವಾಗಿರುತ್ತದೆ. ಮನೆ ಒತ್ತಿದರೆ ಟೇಪು ಓಡುತ್ತದೆ, ಸ್ವರ ಬರುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತದೆ, ಸ್ವರ ಥಟ್ಟನೆ ನಿಲ್ಲುತ್ತದೆ. ಬೆರಳೆತ್ತಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಉದ್ದದ ಸ್ವರ ಬೇಕಾದರೆ ಎಂಟು ಸೆಕೆಂಡು ತುಂಬುವುದರೊಳಗೆ ಬೆರಳುಗಳು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಜೇಡರ ಹುಳುವಿನ ಹಾಗೆ ಹರಿಯುತ್ತಿರಬೇಕು. ಊರಿಂದೂರಿಗೆ ಕರೆಂಟಿನ ವೋಲ್ಟೇಜು ಬದಲಾದರೆ ಮೋಟಾರಿನ ವೇಗ ಬದಲು, ಜತೆಗೆ ಶ್ರುತಿಯೂ ಬದಲು. ಸೆಕೆ, ತೇವಾಂಶ, ಲಾರಿಯ ಕುಲುಕಾಟ ಯಾವುದೂ ಅದಕ್ಕೆ ಆಗುತ್ತಿರಲಿಲ್ಲ. ಇಂಥದ್ದನ್ನು ಕಟ್ಟಿಕೊಂಡು ಮೂಡಿ ಬ್ಲೂಸ್, ಕಿಂಗ್ ಕ್ರಿಮ್ಸನ್, ಜೆನೆಸಿಸ್, ಯೆಸ್ ತಂಡಗಳು ಊರೂರು ತಿರುಗಿದವು. ಆ ಕಾಲದ ಕಛೇರಿಯ ಧ್ವನಿಮುದ್ರಣ ಕೇಳುವಾಗ ಪಿಟೀಲುಗಳ ನಾದ ಸಣ್ಣಗೆ ನಡುಗಿದಂತೆ ಅನಿಸಿದರೆ, ಅದು ಆ ಟೇಪಿನ ನಡುಕ. ನನಗೆ ಆ ನಡುಕವೇ ಇಷ್ಟ.

■ ‘ಎಮರ್ಸನ್, ಲೇಕ್ ಅಂಡ್ ಪಾಮರ್’ ತಂಡದ ಕೀತ್ ಎಮರ್ಸನ್ ತಮ್ಮ ಹ್ಯಾಮಂಡ್ ಆರ್ಗನ್ನಿಗೆ ಚೂರಿ ಚುಚ್ಚುತ್ತಿದ್ದರು. ನೋಡುವವರಿಗೆ ರೋಮಾಂಚನ. ಅದರಲ್ಲೊಂದು ಉಪಯೋಗವೂ ಇತ್ತು: ಎರಡು ಮನೆಗಳ ಸಂದಿನಲ್ಲಿ ಚೂರಿ ಸಿಕ್ಕಿಸಿದರೆ ಆ ಸ್ವರ ಶ್ರುತಿಪೆಟ್ಟಿಗೆಯ ಹಾಗೆ ಮೊಳಗುತ್ತಲೇ ಇರುತ್ತದೆ, ಎರಡು ಕೈಗೂ ಬಿಡುವು. ಇದಕ್ಕೂ ಮುಂಚಿನ ‘ದಿ ನೈಸ್’ ತಂಡದ ದಿನಗಳಲ್ಲಿ ಅವರಿಗೆ ಚೂರಿ ತಂದುಕೊಟ್ಟದ್ದು ಸಾಮಾನು ಸಾಗಿಸುವ ಕೆಲಸದಲ್ಲಿದ್ದ ಲೆಮ್ಮಿ ಎಂಬ ಯುವಕ. ಮುಂದೆ ಮೋಟರ್‌ಹೆಡ್ ತಂಡ ಕಟ್ಟಿ ಜಗತ್ತಿನಾದ್ಯಂತ ಹೆಸರಾದದ್ದು ಅದೇ ಲೆಮ್ಮಿ.

■ 1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ಒಂಟಾರಿಯೊ ರೇಸ್ ಮೈದಾನದಲ್ಲಿ ಇದೇ ಎಮರ್ಸನ್ ಪಿಯಾನೊ ಸಮೇತ ಮೇಲೇರಿದರು. ಪಿಯಾನೊ ಚಕ್ರದ ಹಾಗೆ ತಲೆಕೆಳಗಾಗಿ ಉರುಳಿತು, ಅವರೂ ಜತೆಗೆ ಉರುಳಿದರು. ಎರಡು ಲಕ್ಷಕ್ಕೂ ಹೆಚ್ಚು ಜನ ಕತ್ತೆತ್ತಿ ನೋಡಿದರು.

■ 1977ರಲ್ಲಿ ಎಮರ್ಸನ್, ಲೇಕ್, ಪಾಮರ್ ಮೂವರೂ ಸುಮಾರು ಎಪ್ಪತ್ತು ಜನರ ವಾದ್ಯವೃಂದವನ್ನು ಕಟ್ಟಿಕೊಂಡು ಅಮೆರಿಕದ ಪ್ರವಾಸ ಹೊರಟರು. ಊಟ, ವಸತಿ, ಸಂಬಳ, ಸಾಗಣೆಯ ಖರ್ಚು ತಡೆಯಲಾಗದೆ ಕೆಲವೇ ವಾರಗಳಲ್ಲಿ ವಾದ್ಯವೃಂದವನ್ನು ಬಿಟ್ಟು ಮೂವರೇ ಮುಂದುವರಿಯಬೇಕಾಯಿತು.

■ ಯೆಸ್ ತಂಡಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. ಗಾಯಕ ಜಾನ್ ಆಂಡರ್ಸನ್ 1973ರಲ್ಲಿ ಟೋಕಿಯೊದಲ್ಲಿದ್ದಾಗ ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ ಓದುತ್ತಿದ್ದರು. ಅದರೊಳಗಿನ ಒಂದು ಅಡಿಟಿಪ್ಪಣಿ ಅವರನ್ನು ಹಿಡಿದು ನಿಲ್ಲಿಸಿತು: ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರಣೆ. ನಾಲ್ಕಕ್ಕೆ ನಾಲ್ಕು ಹಾಡು, ಒಂದೊಂದೂ ಸುಮಾರು ಇಪ್ಪತ್ತು ನಿಮಿಷ, ಎರಡು ಎಲ್‌ಪಿಗಳ ನಾಲ್ಕು ಮುಖ. ‘ಟೇಲ್ಸ್ ಫ್ರಂ ಟೋಪೊಗ್ರಾಫಿಕ್ ಓಷನ್ಸ್’ ಹುಟ್ಟಿದ್ದು ಹೀಗೆ. ಆಲ್ಬಂ ಅಂಗಡಿಗೆ ಬರುವ ಮೊದಲೇ ಅದನ್ನು ಪೂರ್ತಿಯಾಗಿ ವೇದಿಕೆಯ ಮೇಲೆ ನುಡಿಸಲು ಹೊರಟರು.

ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರಿಗೆ ಈ ದೀರ್ಘ ಕೃತಿ ರುಚಿಸಿರಲಿಲ್ಲ, ನುಡಿಸಲು ಹೆಚ್ಚು ಕೆಲಸವೂ ಇರಲಿಲ್ಲ. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗಲೇ, ಆರ್ಗನ್ನಿನ ಕೆಳಗೆ ಮಲಗಿ ರಿಪೇರಿಗೆ ಸಿದ್ಧವಾಗಿದ್ದ ಸಹಾಯಕ, ಊಟಕ್ಕೇನು ಎಂದು ಕೇಳಿದ. ಅವರು ಹೇಳಿದರು. ಕಾರ್ಯಕ್ರಮ ಮುಗಿದ ಮೇಲೆ ಬರುತ್ತದೆಂದುಕೊಂಡಿದ್ದ ಊಟ ಅರ್ಧ ಗಂಟೆಯಲ್ಲೇ ಬಂತು: ಕೋಳಿ ವಿಂಡಲೂ, ಹಪ್ಪಳ, ಪರೋಟ. ಕೀಬೋರ್ಡುಗಳ ಮೇಲೇ ಹರಡಿಕೊಂಡು ತಿಂದರು. ಮಸಾಲೆಯ ಘಮ ವೇದಿಕೆಯೆಲ್ಲ ಹರಡಿತು. ಪ್ರವಾಸ ಮುಗಿದ ಮೇಲೆ, 1974ರಲ್ಲಿ, ಅವರು ತಂಡ ಬಿಟ್ಟರು. ಎರಡು ವರ್ಷದ ನಂತರ ಮರಳಿ ಬಂದರು. ಆ ಆಲ್ಬಮ್ಮಿನ ಬಗ್ಗೆ ಪ್ರಾಗ್ ಪ್ರಿಯರಲ್ಲಿ ಇವತ್ತಿಗೂ ಒಮ್ಮತವಿಲ್ಲ. ನಾನು ಅದರ ಪರ. ಕೊನೆಯ ಭಾಗವೊಂದಕ್ಕಾದರೂ ತಾಳ್ಮೆಯಿಂದ ಕೂತು ಕೇಳಬೇಕು.

■ ಅದೇ ವೇಕ್‌ಮನ್ 1975ರಲ್ಲಿ ಆರ್ಥರ್ ರಾಜನ ಕಥೆಯನ್ನು ಲಂಡನ್ನಿನ ವೆಂಬ್ಲಿಯಲ್ಲಿ ಮಂಜುಗಡ್ಡೆಯ ನೆಲದ ಮೇಲೆ ಆಡಿಸಿದರು. ಸ್ಕೇಟಿಂಗ್ ಮಾಡುವ ವೀರರು, ವಾದ್ಯವೃಂದ, ಗಾಯಕವೃಂದ. ಮೂರೇ ಪ್ರದರ್ಶನ, ಕೈತುಂಬ ನಷ್ಟ. ಹೆಸರು ಮಾತ್ರ ಉಳಿಯಿತು.

■ ಯೆಸ್ ತಂಡದ ಡ್ರಮ್ ವಾದಕ ಬಿಲ್ ಬ್ರೂಫರ್ಡ್ 1972ರಲ್ಲಿ ಇದ್ದಕ್ಕಿದ್ದಂತೆ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದರು. ಅವರ ಜಾಗಕ್ಕೆ ಬಂದ ಅಲನ್ ವೈಟ್ ಅವರಿಗೆ ಅಮೆರಿಕದ ಮೊದಲ ಕಾರ್ಯಕ್ರಮಕ್ಕೆ ಮುನ್ನ ಸಿಕ್ಕಿದ್ದು ಮೂರೇ ದಿನ. ಲೆಕ್ಕ ತಪ್ಪಿಸುವ ತಾಳಗಳ ಆ ಉದ್ದುದ್ದ ಹಾಡುಗಳನ್ನು ಮೂರು ದಿನದಲ್ಲಿ ಕಲಿತು ವೇದಿಕೆ ಏರಿದವರು 2022ರಲ್ಲಿ ತೀರಿಕೊಳ್ಳುವವರೆಗೆ ಅದೇ ತಂಡದಲ್ಲಿದ್ದರು.

■ ತಾಳದ ಮಾತು ಬಂತಲ್ಲ, ಇದನ್ನು ತೊಡೆಯ ಮೇಲೆ ತಟ್ಟಿ ನೋಡಿ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಹಾಡು ಹಾಕಿಕೊಂಡು ‘ತಕಿಟ ತಕಧಿಮಿ’ ಎಂದು ಏಳು ಎಣಿಸುತ್ತ ಹೋಗಿ. ಸರಿಯಾಗಿ ಕೂರುತ್ತದೆ. ನಮ್ಮ ಮಿಶ್ರ ಚಾಪು ತಿಳಿದವರಿಗೆ ಏಳರ ಲೆಕ್ಕ ಹೊಸದಲ್ಲ, ರಾಕ್ ಕೇಳುಗರಿಗೆ ಅದು ಅಚ್ಚರಿ. ಮೊದಲಿಗೆ ಕೇಳಿಸುವ ನಾಣ್ಯದ ಝಣಝಣ, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಟಿಂಗ್ ಎಲ್ಲವೂ ಟೇಪಿನ ತುಂಡುಗಳನ್ನು ಅಳೆದು ಕತ್ತರಿಸಿ, ಎಣಿಕೆಗೊಂದರಂತೆ ಅಂಟಿಸಿದ ಏಳು ಸದ್ದುಗಳು. ಗಿಟಾರಿನ ಸರದಿ ಬಂದಾಗ ಮಾತ್ರ ತಾಳ ನಾಲ್ಕಕ್ಕೆ ತಿರುಗುತ್ತದೆ. ಆಗ ಸಭೆಯೇ ಒಮ್ಮೆಗೆ ಮೈ ಸಡಿಲಿಸಿ ತೂಗುವುದನ್ನು ಅವರ ಯಾವುದೇ ಕಛೇರಿಯ ವಿಡಿಯೊದಲ್ಲಿ ಕಾಣಬಹುದು.

■ ಈ ಹಾಡಿರುವ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ತಟ್ಟೆ ಬಂದದ್ದು 1973ರ ಮಾರ್ಚಿನಲ್ಲಿ. ಅದಕ್ಕೂ ಒಂದು ವರ್ಷಕ್ಕೆ ಮುಂಚೆಯೇ, 1972ರ ಜನವರಿ 20ರಂದು, ಬ್ರೈಟನ್‌ನಲ್ಲಿ ತಂಡ ಅದನ್ನು ಜನರ ಮುಂದೆ ನುಡಿಸಲು ಹೊರಟಿತ್ತು. ‘ಮನಿ’ ಹಾಡಿಗೆ ಬರುವಷ್ಟರಲ್ಲಿ ಯಂತ್ರ ಕೈಕೊಟ್ಟು ನಿಲ್ಲಿಸಬೇಕಾಯಿತು. ಆಮೇಲೆ ವರ್ಷವಿಡೀ ಊರೂರಲ್ಲಿ ನುಡಿಸಿ, ತಿದ್ದಿ, ಕಳೆದು, ಕೂಡಿಸಿ ಕೊನೆಗೆ ತಟ್ಟೆಗೆ ಇಳಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು ಪಳಗಿದ್ದು ಕೇಳುಗರ ಎದುರಿನಲ್ಲಿ.

■ ಸದ್ದು ಸಭಾಂಗಣದ ನಾಲ್ಕೂ ಮೂಲೆಗೆ ಸುತ್ತಬೇಕೆಂದು ಪಿಂಕ್ ಫ್ಲಾಯ್ಡ್ 1967ರಲ್ಲೇ ಒಂದು ಯಂತ್ರ ಮಾಡಿಸಿಕೊಂಡಿತ್ತು. ಹೆಸರು ಅಜಿಮುತ್ ಕೋಆರ್ಡಿನೇಟರ್. ಕೋಲಿನಂಥ ಹಿಡಿಯನ್ನು ಯಾವ ಕಡೆ ವಾಲಿಸಿದರೆ ಆ ಮೂಲೆಯ ಸ್ಪೀಕರಿಗೆ ಸದ್ದು ಓಡುತ್ತಿತ್ತು. ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಮೇ 12ರಂದು ಬಳಸಿದರು. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಯಾರೋ ಕದ್ದೊಯ್ದರು. ಆಮೇಲೆ ಮಾಡಿಸಿದ್ದು ಈಗ ಅದೇ ಊರಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

■ ಕೇಳುಗರೇ ಇಲ್ಲದ ಕಛೇರಿ? ಅದೂ ಉಂಟು. 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೇಯಿಯ ಪಾಳುಬಿದ್ದ ರೋಮನ್ ಬಯಲುರಂಗದಲ್ಲಿ ಪಿಂಕ್ ಫ್ಲಾಯ್ಡ್ ಹಾಡಹಗಲಲ್ಲಿ ನುಡಿಸಿತು. ಎದುರಿಗಿದ್ದದ್ದು ಚಿತ್ರೀಕರಣದವರು, ಸಿಬ್ಬಂದಿ, ಬಿಸಿಲಿಗೆ ಕಾದ ಕಲ್ಲು. ನಿರ್ದೇಶಕ ಏಡ್ರಿಯನ್ ಮಾಬೆನ್. ಚಪ್ಪಾಳೆಯಿಲ್ಲ, ಕೇಕೆಯಿಲ್ಲ, ನಾಲ್ವರು ಒಬ್ಬರನ್ನೊಬ್ಬರು ನೋಡುತ್ತ ನುಡಿಸುತ್ತಾರೆ. ಈ ತಂಡವನ್ನು ಇನ್ನೂ ಕೇಳದವರು ಯಾರಾದರೂ ಎಲ್ಲಿಂದ ಶುರು ಮಾಡಲಿ ಎಂದರೆ ನಾನು ತೋರಿಸುವುದು ಇದನ್ನೇ. 2016ರ ಜುಲೈನಲ್ಲಿ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅದೇ ಅಂಗಳಕ್ಕೆ ಮರಳಿದರು. ಆ ಸಲ ಅಂಗಳದಲ್ಲಿ ಜನರಿದ್ದರು.

■ 1989ರ ಜುಲೈ 15ರಂದು ಅದೇ ತಂಡ ವೆನಿಸ್ ನಗರದಲ್ಲಿ ನೀರಿನ ಮೇಲೆ ತೇಲುವ ವೇದಿಕೆಯಲ್ಲಿ ಉಚಿತವಾಗಿ ನುಡಿಸಿತು. ಸುಮಾರು ಎರಡು ಲಕ್ಷ ಜನ ಸೇರಿದರು. ಹಳೆಯ ಕಟ್ಟಡಗಳಿಗೆ ಪೆಟ್ಟಾಗದಿರಲೆಂದು ಸದ್ದು ತಗ್ಗಿಸಿದರು. ಆದರೆ ಅಷ್ಟು ಜನಕ್ಕೆ ಶೌಚಾಲಯವಿಲ್ಲ, ಮರುದಿನ ಊರೆಲ್ಲ ಕಸ. ಊರಿನವರ ಸಿಟ್ಟಿಗೆ ನಗರಾಡಳಿತವೇ ರಾಜೀನಾಮೆ ಕೊಡಬೇಕಾಯಿತು.

■ ಇನ್ನು ಆ ಗೋಡೆ. 1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್ ಕ್ರೀಡಾಂಗಣದಲ್ಲಿ, ಮುಂದಿನ ಸಾಲಿನ ಗಲಾಟೆಗೆ ರೋಸಿಹೋದ ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ ಒಬ್ಬ ಅಭಿಮಾನಿಯ ಮೇಲೆ ಉಗುಳಿಬಿಟ್ಟರು. ಆಮೇಲೆ ತಮ್ಮ ನಡತೆಗೆ ತಾವೇ ಬೆಚ್ಚಿದರು. ತನಗೂ ಕೇಳುಗರಿಗೂ ನಡುವೆ ಒಂದು ಗೋಡೆ ಎದ್ದಿದೆ ಎಂಬ ಆ ಅರಿವಿನಿಂದ ‘ದಿ ವಾಲ್’ ಆಲ್ಬಂ ಹುಟ್ಟಿತು. ವೇದಿಕೆಯ ಮೇಲೆ ನಿಜಕ್ಕೂ ಗೋಡೆ ಕಟ್ಟಿದರು: ರಟ್ಟಿನ ದೊಡ್ಡ ದೊಡ್ಡ ಇಟ್ಟಿಗೆ, ನಲವತ್ತು ಅಡಿ ಎತ್ತರ.

ಕಾರ್ಯಕ್ರಮ ಶುರುವಾದಾಗ ವೇದಿಕೆಯ ಮೇಲಿದ್ದದ್ದು ಪಿಂಕ್ ಫ್ಲಾಯ್ಡ್ ಅಲ್ಲ! ಅವರ ಮುಖದ ಅಚ್ಚಿನಿಂದಲೇ ಮಾಡಿದ ಮುಖವಾಡ ತೊಟ್ಟ ಬೇರೆ ನಾಲ್ವರು. ಮೊದಲ ಹಾಡು ಅವರದು. ಆಮೇಲೆ ಅಸಲಿ ತಂಡ ಬಂದು ನುಡಿಸುತ್ತಿರುವಂತೆಯೇ ಕೆಲಸಗಾರರು ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿಸುತ್ತ ಹೋಗುತ್ತಾರೆ. ಸಂದುಗಳು ಒಂದೊಂದಾಗಿ ಮುಚ್ಚುತ್ತವೆ. ಅರ್ಧ ಆಟಕ್ಕೆ ಕೊನೆಯ ಇಟ್ಟಿಗೆಯೂ ಕೂತು, ಟಿಕೆಟ್ ಕೊಟ್ಟು ಬಂದ ಜನರ ಕಣ್ಣಿಗೆ ತಂಡವೇ ಮರೆಯಾಗುತ್ತದೆ. ಎರಡನೆಯ ಭಾಗದಲ್ಲಿ ಆ ಬಿಳಿ ಗೋಡೆಯೇ ಪರದೆ. ಜೆರಾಲ್ಡ್ ಸ್ಕಾರ್ಫ್ ಬಿಡಿಸಿದ ಚಿತ್ರಗಳು ಅದರ ಮೇಲೆ ಓಡುತ್ತವೆ. ಥಟ್ಟನೆ ಗೋಡೆಯ ತುದಿಯಲ್ಲಿ, ಬೆನ್ನಿಗೆ ಬೆಳಕು ಹೊತ್ತು, ಗಿಲ್ಮೋರ್ ಗಿಟಾರ್ ಹಿಡಿದು ನಿಂತಿರುತ್ತಾರೆ. ಕೊನೆಗೆ ಇಡೀ ಗೋಡೆ ಗುಡುಗಿನ ಸದ್ದಿನೊಂದಿಗೆ ಕುಸಿಯುತ್ತದೆ. 1980 ಮತ್ತು 1981ರಲ್ಲಿ ನಡೆದದ್ದು ಬರೀ 31 ಪ್ರದರ್ಶನ. ಅದೂ ನಾಲ್ಕೇ ಊರುಗಳಲ್ಲಿ: ಲಾಸ್ ಏಂಜಲೀಸ್, ನ್ಯೂಯಾರ್ಕ್ ಪಕ್ಕದ ಯೂನಿಯನ್‌ಡೇಲ್, ಲಂಡನ್, ಜರ್ಮನಿಯ ಡಾರ್ಟ್‌ಮುಂಡ್. ಬೇರೆಲ್ಲೂ ಹೊತ್ತೊಯ್ಯಲು ಆಗದಷ್ಟು ದುಬಾರಿ. ಅದರಲ್ಲಿ ಹಣ ಉಳಿಸಿಕೊಂಡವರು ಕೀಬೋರ್ಡ್ ವಾದಕ ರಿಕ್ ರೈಟ್ ಒಬ್ಬರೇ. ಅವರನ್ನು ಆಗಲೇ ತಂಡದಿಂದ ಹೊರಹಾಕಿದ್ದರಿಂದ ಸಂಬಳಕ್ಕೆ ನುಡಿಸುತ್ತಿದ್ದರು, ನಷ್ಟದಲ್ಲಿ ಪಾಲಿರಲಿಲ್ಲ.

ವಾಟರ್ಸ್ 2002ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲೂ ಹಾಡಿದ್ದಾರೆ.

■ 1972ರ ಸೆಪ್ಟೆಂಬರ್ 28, ಡಬ್ಲಿನ್. ಜೆನೆಸಿಸ್ ತಂಡದ ಗಾಯಕ ಪೀಟರ್ ಗೇಬ್ರಿಯಲ್ ಹಾಡಿನ ನಡುವೆ ಒಳಹೋದವರು ಹೆಂಡತಿಯ ಕೆಂಪು ಗೌನು ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿ ಮರಳಿದರು. ತಂಡದ ಉಳಿದವರಿಗೂ ಮೊದಲೇ ಹೇಳಿರಲಿಲ್ಲ. ಸಭೆ ದಂಗಾಯಿತು. ಮುಂದೆ ಹೂವಿನ ಮುಖ, ಬಾವಲಿ ರೆಕ್ಕೆ, ಮುದುಕನ ಮುಖವಾಡ ಒಂದೊಂದಾಗಿ ಬಂದವು. ನಮ್ಮ ಕರಾವಳಿಯವರಿಗೆ ವೇಷ ಕಟ್ಟಿದ ಮೇಲೆ ಮನುಷ್ಯ ಬೇರೆಯೇ ಆಗುತ್ತಾನೆಂದು ಹೇಳಿಕೊಡಬೇಕಿಲ್ಲ. ಲಂಡನ್ನಿನ ಪತ್ರಿಕೆಗಳಿಗೆ ಅದು ಮುಖಪುಟದ ಸುದ್ದಿ.

■ ಗೇಬ್ರಿಯಲ್ ಹಾಡುಗಳ ನಡುವೆ ವಿಚಿತ್ರ ಕಥೆಗಳನ್ನೂ ಹೇಳುತ್ತಿದ್ದರು. ಅದು ಶುರುವಾದದ್ದು ಏಕೆ ಗೊತ್ತೇ? ಜತೆಗಾರರು ಹನ್ನೆರಡು ತಂತಿಯ ಗಿಟಾರುಗಳನ್ನು ಶ್ರುತಿ ಮಾಡಿಕೊಳ್ಳಲು ಹೊತ್ತು ಬೇಕಿತ್ತು. ಆ ಮೌನ ತುಂಬಲು ಕಥೆ.

■ ಬಣ್ಣ ಬದಲಿಸುತ್ತ, ತಲೆ ತಿರುಗಿಸುತ್ತ ವೇದಿಕೆಯ ಮೇಲೆ ಬೆಳಕು ಚೆಲ್ಲುವ ದೀಪಗಳು ಈಗ ನಮ್ಮೂರ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲೂ ಇವೆ. ಇವುಗಳ ಹಿರಿಯಣ್ಣ ‘ವ್ಯಾರಿ-ಲೈಟ್’. ಅಮೆರಿಕದ ಡಲ್ಲಾಸ್‌ನ ಕಂಪನಿಯೊಂದು ಅದನ್ನು ರೂಪಿಸಿದಾಗ ಹಣ ಹೂಡಿದ್ದು ಜೆನೆಸಿಸ್ ತಂಡ. 1981ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದ ಗೂಳಿಕಾಳಗದ ಅಂಗಳದಲ್ಲಿ ಅವು ಮೊದಲ ಸಲ ಜನರೆದುರು ತಿರುಗಿದವು.

■ ಜೆಥ್ರೊ ಟಲ್ ತಂಡದ ಇಯನ್ ಆಂಡರ್ಸನ್ ಒಂಟಿ ಕಾಲಲ್ಲಿ ನಿಂತು ಕೊಳಲು ನುಡಿಸುತ್ತಾರೆ. ನೋಡಿದ ಕನ್ನಡಿಗರಿಗೆ ಹೊಯ್ಸಳ ಗುಡಿಗಳ ವೇಣುಗೋಪಾಲ ನೆನಪಾಗದೆ ಇರುವುದಿಲ್ಲ. ಆದರೆ ಅವರು ಹಾಗೆ ನಿಲ್ಲತೊಡಗಿದ್ದು ಮೌತ್ ಆರ್ಗನ್ ಊದುವಾಗ. ಪತ್ರಿಕೆಯವರು ಅದನ್ನು ಕೊಳಲಿನ ಜತೆ ಸೇರಿಸಿ ಬರೆದರು, ಅವರು ಬರೆದದ್ದನ್ನು ನಿಜ ಮಾಡಿದರು. 1967ರಲ್ಲಿ ಗಿಟಾರ್ ಕೊಟ್ಟು ಕೊಳಲು ಕೊಂಡು, ಗುರುವಿಲ್ಲದೆ ಕಲಿತವರು. ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗಲೇ ತಮ್ಮ ಬೆರಳಿಡುವ ಕ್ರಮ ತಪ್ಪೆಂದು ಅವರಿಗೆ ತಿಳಿದದ್ದು. ಅಷ್ಟು ಹೊತ್ತಿಗೆ ಜಗತ್ಪ್ರಸಿದ್ಧರು. ಆದರೂ ಕೂತು ಮೊದಲಿನಿಂದ ತಿದ್ದಿಕೊಂಡರು. ಈ ಸಂಗತಿ ಓದಿದ ದಿನದಿಂದ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಗಿದೆ. 2008ರ ಕೊನೆಯಲ್ಲಿ ಸಿತಾರ್ ವಾದಕಿ ಅನುಷ್ಕಾ ಶಂಕರ್ ಜತೆ ಈ ತಂಡ ಭಾರತ ಪ್ರವಾಸ ಮಾಡಿತ್ತು.

■ ಕೆನಡಾದ ರಷ್ ತಂಡದಲ್ಲಿ ಇದ್ದದ್ದು ಮೂವರೇ. ತುಂಬಿದ ನಾದಕ್ಕೆ ಅಷ್ಟು ಕೈ ಸಾಲದೆ ಗೆಡ್ಡಿ ಲೀ ಹಾಡುತ್ತ, ಕೈಯಲ್ಲಿ ಬೇಸ್ ಗಿಟಾರ್ ನುಡಿಸುತ್ತ, ಕಾಲಲ್ಲಿ ಪೆಡಲ್ ಒತ್ತಿ ಇನ್ನೊಂದು ಸ್ವರ ಹಿಡಿಯುತ್ತಿದ್ದರು. 2002ರಲ್ಲಿ ಅವರ ಬೆನ್ನ ಹಿಂದೆ ಸ್ಪೀಕರುಗಳ ಬದಲು ಬಟ್ಟೆ ಒಣಗಿಸುವ ಯಂತ್ರಗಳಿದ್ದವು. ಟೀ ಶರ್ಟುಗಳು ಒಳಗೆ ತಿರುಗುತ್ತಲೇ ಇದ್ದವು. ಕೊನೆಗೆ ಅವನ್ನು ಜನರತ್ತ ಎಸೆಯುತ್ತಿದ್ದರು.

■ ಅವರ ‘ವೈವೈಜೆಡ್’ಗೆ ಸಾಹಿತ್ಯವಿಲ್ಲ, ವಾದ್ಯ ಮಾತ್ರ. ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳವು. ಅವನ್ನು ತಂತಿ ಕಚೇರಿಯ ಮೋರ್ಸ್ ಭಾಷೆಯಲ್ಲಿ ಬಡಿದರೆ ಬರುವ ಕಟ್ಟ-ಕಡ ಲಯವೇ ಹಾಡಿನ ಆರಂಭ, ಐದರ ಎಣಿಕೆಯಲ್ಲಿ. 2002ರ ನವೆಂಬರ್ 23ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣ. ಮಳೆಗೆ ಲಾರಿಗಳು ತಡವಾಗಿ ಬಂದು, ಸದ್ದು ಸರಿನೋಡಲೂ ಹೊತ್ತಿಲ್ಲದೆ ತಂಡ ವೇದಿಕೆ ಏರಿತು. ‘ವೈವೈಜೆಡ್’ ಶುರುವಾದಾಗ ನಲವತ್ತು ಸಾವಿರ ಜನ ಜಿಗಿಯುತ್ತ ಗಿಟಾರಿನ ಒಂದೊಂದು ಸ್ವರವನ್ನೂ ಬಾಯಲ್ಲಿ ಹಾಡಿದರು. ಮಾತೇ ಇಲ್ಲದ ಹಾಡನ್ನು! ‘ರಷ್ ಇನ್ ರಿಯೊ’ ಧ್ವನಿಮುದ್ರಣದಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಪ್ರಾಗ್ ಎಂದರೆ ಪಂಡಿತರಿಗೆ ಮಾತ್ರ ಎನ್ನುವವರಿಗೆ ನಾನು ಕೇಳಿಸುವುದು ಆ ನಾಲ್ಕೈದು ನಿಮಿಷ.

■ ರಷ್ ತಂಡದ ಡ್ರಮ್ ವಾದಕ ನೀಲ್ ಪೀರ್ಟ್ ಕಾರ್ಯಕ್ರಮ ಮುಗಿದೊಡನೆ ಮುಂದೆ ಬಂದು ನಮಸ್ಕರಿಸುತ್ತಿರಲಿಲ್ಲ, ನೇರ ಹೊರಟುಬಿಡುತ್ತಿದ್ದರು. 2015ರ ಆಗಸ್ಟ್ 1ರಂದು, ಲಾಸ್ ಏಂಜಲೀಸ್‌ನಲ್ಲಿ ನಡೆದ ತಮ್ಮ ಕೊನೆಯ ಕಾರ್ಯಕ್ರಮದಲ್ಲಿ, ಡ್ರಮ್ಸ್ ಬಿಟ್ಟು ಮುಂದೆ ನಡೆದು ಬಂದು ಇಬ್ಬರು ಗೆಳೆಯರನ್ನೂ ಅಪ್ಪಿಕೊಂಡರು. 2020ರ ಜನವರಿಯಲ್ಲಿ ಅವರು ತೀರಿಕೊಂಡರು.

■ 1997ರಲ್ಲಿ ಬ್ರಿಟನ್ನಿನ ಮರಿಲಿಯನ್ ತಂಡದ ಬಳಿ ಅಮೆರಿಕ ಪ್ರವಾಸಕ್ಕೆ ದುಡ್ಡಿರಲಿಲ್ಲ. ಅಲ್ಲಿನ ಅಭಿಮಾನಿಗಳು ತಾವೇ ಇಂಟರ್ನೆಟ್ ಮೂಲಕ ಸುಮಾರು 60,000 ಡಾಲರ್ ಕೂಡಿಸಿ ತಂಡವನ್ನು ಕರೆಸಿಕೊಂಡರು. ಕ್ರೌಡ್‌ಫಂಡಿಂಗ್ ಎಂಬ ಮಾತು ಆಗ ಬಳಕೆಗೇ ಬಂದಿರಲಿಲ್ಲ. ಊರವರೆಲ್ಲ ಚಂದಾ ಎತ್ತಿ ಆಟ ಆಡಿಸುವುದು ನಮಗೆ ಹೊಸದೇನಲ್ಲ, ಅಲ್ಲವೇ?

■ ನಮ್ಮಲ್ಲೂ ಪ್ರಾಗ್ ಇದೆ. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಗಮ್ ತಂಡ ತನ್ನ ಸಂಗೀತವನ್ನು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ಎಂದೇ ಕರೆದುಕೊಳ್ಳುತ್ತದೆ. ಗಾಯಕ ಹರೀಶ್ ಶಿವರಾಮಕೃಷ್ಣನ್ ತ್ಯಾಗರಾಜರ, ದೀಕ್ಷಿತರ ಕೃತಿಗಳನ್ನು ಹಾಡುವಾಗ ಸುತ್ತ ಗಿಟಾರು, ಡ್ರಮ್ಸು ಭೋರ್ಗರೆಯುತ್ತವೆ. ಮೊದಲ ಆಲ್ಬಂ 2012ರಲ್ಲಿ ಬಂತು. ತಟ್ಟೆಗಿಂತ ವೇದಿಕೆಯಲ್ಲೇ ಅವರು ಚೆನ್ನ ಎಂಬುದು ನನ್ನ ಅಭಿಪ್ರಾಯ.

■ ಮತ್ತೆ ಕಿಂಗ್ ಕ್ರಿಮ್ಸನ್. 2014ರಿಂದ ಮೂವರು ಡ್ರಮ್ ವಾದಕರು ವೇದಿಕೆಯ ಮುಂಭಾಗದಲ್ಲಿ, ಉಳಿದವರೆಲ್ಲ ಹಿಂದೆ ಇರುತ್ತಿದ್ದರು. ಮೂವರೂ ಒಂದೇ ಪೆಟ್ಟನ್ನು ಹಂಚಿಕೊಂಡು ನುಡಿಸುವುದನ್ನು ನೋಡಲು ಕಣ್ಣು ಎರಡು ಸಾಲುತ್ತಿರಲಿಲ್ಲ. ಕಾರ್ಯಕ್ರಮಕ್ಕೆ ಮೊದಲು ಒಂದು ಮನವಿ ಕೇಳಿಬರುತ್ತಿತ್ತು: ಫೋಟೊ, ವಿಡಿಯೊ ಬೇಡ. ಎಲ್ಲ ಮುಗಿದ ಮೇಲೆ ಬೇಸ್ ವಾದಕ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಸಭೆಯ ಚಿತ್ರ ತೆಗೆಯುತ್ತಿದ್ದರು. ಅದೇ ಸನ್ನೆ, ಆಗ ಜನರೂ ತೆಗೆಯಬಹುದಿತ್ತು. ಅಮೆರಿಕದ ಟೂಲ್ ತಂಡವೂ ಕೊನೆಯ ಹಾಡಿಗೆ ಮಾತ್ರ ಮೊಬೈಲಿಗೆ ಅನುಮತಿ ಕೊಟ್ಟದ್ದುಂಟು. ಕಿಂಗ್ ಕ್ರಿಮ್ಸನ್ ಕೊನೆಯ ಸಲ ನುಡಿಸಿದ್ದು 2021ರ ಡಿಸೆಂಬರ್ 8ರಂದು, ಟೋಕಿಯೊದಲ್ಲಿ.

ಮುಂದಿನ ಸಲ ನೀವು ಯಾವ ಕಛೇರಿಗೆ ಹೋದರೂ, ರಾಕ್ ಇರಲಿ ರಾಗವಿರಲಿ, ಕೊನೆಯ ಹಾಡಿನವರೆಗೆ ಮೊಬೈಲು ಜೇಬಿನಲ್ಲೇ ಇರಲಿ.